ಎರಿಮಣ್ಣಿನಲ್ಲಿ ಕಲಿತ ಓಟ

ಪ್ರಯತ್ನಪಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಎಂದು ಮಕ್ಕಳಿಗೆ ಹೇಳುವುದು ಸುಲಭ; ಹೇಳುವಾಗ ನಾವು ಕುರ್ಚಿಯ ಮೇಲೆ ಕುಳಿತಿರುತ್ತೇವೆ. ಮೊರಬ ಎಂಬ ಊರಿನ ಬಾಜೂ ಇರುವ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಪಿ.ಟಿ. ಮಾಸ್ತರರು ವರ್ಗವಾಗಿ ಹೋದ ಮೇಲೆ ಅವರ ಸೀಟಿ ನನ್ನ ಕೊರಳಿಗೆ ಬಿತ್ತು. ಸೀಟಿ ಊದಲು ಪ್ರತಿಭೆ ಬೇಕಿಲ್ಲವಲ್ಲ, ಒಪ್ಪಿಕೊಂಡೆ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದವಳು ಒಂಬತ್ತನೆಯ ತರಗತಿಯ ನೀಲವ್ವ. ಖೋ ಖೋ ಆಡಬೇಕೆಂಬ ಆಸೆ ಅವಳಿಗೆ ಬಹಳ; ಕಾಲು ಮಾತ್ರ ಆಸೆಯ ಮಾತು ಕೇಳುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಮೊದಲು ಔಟಾಗುತ್ತಿದ್ದಳು. ಒಂದು ದಿನ ಅಳುತ್ತ, "ನಾ ಇನ್ನ ಆಟಕ್ಕ ಬರಾಂಗಿಲ್ರಿ ಸರ. ಓಡೂದು ಹುಟ್ಟಿನಿಂದನ ಬರಬೇಕ್ರಿ" ಎಂದಳು. ನಾನು ಮಾಮೂಲಿ ಭಾಷಣ ಶುರು ಮಾಡಿದೆ. ಅವಳು ಕಣ್ಣೊರೆಸಿಕೊಂಡು, "ಹಂಗಾರ ಮಾಸ್ತರರ ಓಟದಾಗ ನೀವ ಓಡಿ ತೋರಸ್ರಿ. ಆಮ್ಯಾಲ ನೋಡೂಣು" ಅಂದಳು. ತಾಲೂಕಿನ ಶಿಕ್ಷಕರ ಕ್ರೀಡಾಕೂಟಕ್ಕೆ ಇನ್ನೊಂದು ತಿಂಗಳಿತ್ತು. ಹುಡುಗಿ ಆಟದಲ್ಲಿ ಉಳಿಯುವುದು ಬಿಡುವುದು ನನ್ನ ಕಾಲ ಮೇಲೆ, ಅಂದರೆ ನನ್ನ ಹೊಟ್ಟೆಯನ್ನು ಹೊರುವ ಕಾಲ ಮೇಲೆ ನಿಂತಿತು.

ನಾನೂ ಹಟ ಹಿಡಿದೆ. ಬೆಳಿಗ್ಗೆ ಎದ್ದು ಹೊಲದ ದಾರಿಯಲ್ಲಿ ಓಡತೊಡಗಿದೆ. ಮಳೆ ಬಿದ್ದ ಕರಿಮಣ್ಣಿನ ಎರಿಭೂಮಿ ಗೊತ್ತಲ್ಲ, ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೂ ಒಂದೊಂದು ಮಣ್ಣಿನ ಹೆಂಟೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯದೆ ಹಾಗೇ ಓಡಿದೆ. ಇಷ್ಟು ಭಾರ ಎತ್ತಿ ಓಡಿದವನು ಒಣ ನೆಲದ ಮೇಲೆ ಹಾರಿಯೇ ಹೋಗುತ್ತಾನೆ ಎಂಬುದು ನನ್ನ ಗಣಿತ. ಎತ್ತು ಹೊಡೆದುಕೊಂಡು ಹೊರಟಿದ್ದ ಬಸಪ್ಪ ಕಾಕಾ ನಿಂತು ನೋಡಿ, "ಯಾರರ ಬೆನ್ನ ಹತ್ಯಾರೇನ್ರಿ ಸರ?" ಎಂದು ಕೇಳಿದ. ನಮ್ಮ ಹಿಂದಿ ಮಾಸ್ತರ ನದಾಫರೂ ಓಟಕ್ಕೆ ಹೆಸರು ಕೊಟ್ಟಿದ್ದರು. ಅವರು ಮಾತ್ರ ಒಂದು ದಿನವೂ ಓಡಲಿಲ್ಲ.

ಓಟದ ದಿನ ನಮ್ಮ ಖೋ ಖೋ ಹುಡುಗಿಯರೂ ನೋಡಲು ಬಂದಿದ್ದರು. ನದಾಫರು ಗಿರಮಿಟ್ಟು, ಮಿರ್ಚಿ ತಿಂದು ಮುಗಿಸಿ, ಪ್ಯಾಂಟು ಮಡಚಿಕೊಂಡು ಗೆರೆಗೆ ಬಂದು ನಿಂತರು. ಸೀಟಿ ಆಯಿತು. ಅದು ಗಟ್ಟಿ ಗರಸು ಮಣ್ಣು ಹಾಕಿದ ಮೈದಾನ. ಕಾಲು ನಿಜಕ್ಕೂ ಹಗುರಾಗಿತ್ತು. ಆದರೆ ತಿಂಗಳಿಡೀ ಹೆಂಟೆ ಎತ್ತಿ ರೂಢಿಯಾದ ಮೊಣಕಾಲು ಎದೆಯ ತನಕ ಏರತೊಡಗಿತು. ನಾನು ಮುಂದೆ ಹೋಗುವುದಕ್ಕಿಂತ ಹೆಚ್ಚು ಮೇಲೆ ಹೋಗುತ್ತಿದ್ದೆ. ಅರ್ಧ ದಾರಿಯಲ್ಲಿ ಬಿದ್ದೆ. ಎದ್ದೆ. ಎಲ್ಲರಿಗಿಂತ ಕೊನೆಗೆ ಕುಂಟುತ್ತ ಗೆರೆ ಮುಟ್ಟುವಷ್ಟರಲ್ಲಿ, ಮೊದಲು ಬಂದ ನದಾಫರು ಚಹಾ ಕುಡಿಯುತ್ತಿದ್ದರು.

ನೀಲವ್ವ ನೀರು ತಂದಳು. ನನಗೆ ಮುಖ ಎತ್ತಲಾಗಲಿಲ್ಲ, ಅಳುವೇ ಬರುವಂತಿತ್ತು. "ನೀ ಹೇಳಿದ್ದ ಖರೇ ಬಿಡವಾ" ಎಂದೆ.

"ಇಲ್ರಿ ಸರ, ನಾ ಆಟ ಬಿಡಾಂಗಿಲ್ಲ" ಅಂದಳು. "ನಿಮ್ಮನ್ನ ನೋಡಿದ ಮ್ಯಾಲ, ನಾ ಅಷ್ಟೇನ ಕೆಟ್ಟ ಓಡಾಂಗಿಲ್ಲಂತ ಗೊತ್ತಾತ್ರಿ."

ಮರುದಿನ ಅವಳ ಜೊತೆ ಇನ್ನೂ ಮೂವರು ನಿಧಾನದ ಹುಡುಗಿಯರು ಮೈದಾನಕ್ಕೆ ಬಂದರು. ವರ್ಷಾವರ್ಷ ನೀವು ಓಡಲೇಬೇಕು, ಮಕ್ಕಳಿಗೆ ಧೈರ್ಯ ಬರುತ್ತದೆ ಎಂದು ಹೆಡ್‌ಮಾಸ್ತರರು ಹೇಳಿದ್ದಾರೆ. ಓಡುತ್ತೇನೆ. ಈಗ ಡಾಂಬರು ರಸ್ತೆಯ ಮೇಲೆ ಅಭ್ಯಾಸ ನಡೆದಿದೆ. ಬರುವ ವರ್ಷ ಒಬ್ಬನನ್ನಾದರೂ ಹಿಂದೆ ಹಾಕಿಯೇ ತೀರುತ್ತೇನೆ. ಇದನ್ನು ಮಾತ್ರ ಮಕ್ಕಳಿಗೆ ಹೇಳಿಲ್ಲ. ಪಾಪ, ಅವರ ಧೈರ್ಯ ಕುಂದೀತು.