‘ಚೌಕದ ಸಿಕ್ಕು’ ನಾಟಕದ ಪ್ರೇಕ್ಷಕರ ಕೈಗಳ ಬಗ್ಗೆ

ಸಂಬಂಧಪಟ್ಟ ಇಲಾಖೆ, ರಬಕವಿ-ಬನಹಟ್ಟಿ

ಸಂಖ್ಯೆ: ಸಂಇ/ನಾಟಕ/ಕೈ/೧೧/೨೦೨೫-೨೬
ದಿನಾಂಕ: ೧೭.೧೧.೨೦೨೫

ವಿಷಯ: ರಂಗದ ಮೇಲಿನ ಕಲಾಕೃತಿಯನ್ನು ಪ್ರೇಕ್ಷಕರು ಬಿಡಿಸಿ ಹಾಕುತ್ತಿರುವ ಕುರಿತು.

ಉಲ್ಲೇಖ: (೧) ಕಲಾವಿದೆ ಪೂನಮ್ ಅವರ ಮನವಿ. (೨) ಅದೇ ಮನವಿ, ಕಣ್ಣೀರಿನೊಂದಿಗೆ.

ಮಹಾಲಿಂಗ ಎಂಬುವರು ರಚಿಸಿದ ಸದರಿ ಹಾಸ್ಯ ನಾಟಕದಲ್ಲಿ ಶಿಲ್ಪಿಯೊಬ್ಬನು ಆಳೆತ್ತರದ ನೂಲಿನ ಸಿಕ್ಕನ್ನು ಊರ ಚೌಕದಲ್ಲಿ ನಿಲ್ಲಿಸಿ, ಇದೇ ಕಲೆ ಎನ್ನುತ್ತಾನೆ. ಇರಲಿ, ಬೇಡ ಎಂದು ಮೂರು ಅಂಕಗಳವರೆಗೆ ಊರು ಜಗಳವಾಡುತ್ತದೆ. ನಾಲ್ಕನೇ ಅಂಕದಲ್ಲಿ ನ್ಯಾಯಾಧೀಶೆಯ ಪಾತ್ರದ ಪೂನಮ್ ಬಂದು, “ಇದನ್ನ ಯಾರೂ ಮುಟ್ಟಬ್ಯಾಡ್ರಿ, ಹಿಂಗ ಇರಲಿ” ಎಂದು ತೀರ್ಪು ಓದಬೇಕು.

ಆದರೆ ಬನಹಟ್ಟಿಯ ಪ್ರೇಕ್ಷಕರು ಮಗ್ಗದ ಮನೆಯವರಾಗಿದ್ದು, ಸಿಕ್ಕಾದ ನೂಲನ್ನು ಕಂಡು ಸುಮ್ಮನೆ ಕೂರಲಾಗದೆ, ಎರಡನೇ ಅಂಕದ ಹೊತ್ತಿಗೆ ರಂಗವೇರಿ ಅದನ್ನು ಬಿಡಿಸಿ, ಓರಣವಾಗಿ ಸುತ್ತಿ ಲಡಿ ಕಟ್ಟಿ ಕೊಡುತ್ತಿದ್ದಾರೆ. ಜಗಳಕ್ಕೆ ವಸ್ತುವೇ ಇಲ್ಲದೆ ನಾಟಕ ಅಲ್ಲಿಗೇ ಮುಗಿಯುತ್ತಿದೆ. ಪೂನಮ್ ಅವರು ಹನ್ನೊಂದು ಪ್ರಯೋಗಗಳಲ್ಲಿ ಬಣ್ಣ ಹಚ್ಚಿಕೊಂಡು ಕಾದು, ಹನ್ನೊಂದು ಸಲವೂ ಬಾಯಿ ತೆರೆಯದೆ ಬಣ್ಣ ತೊಳೆದುಕೊಂಡಿದ್ದಾರೆ. ಇದರಿಂದ ಇಲಾಖೆಗೂ ಬೇಸರವಾಗಿದೆ. ಆದಕಾರಣ ಎಲ್ಲ ಪ್ರೇಕ್ಷಕರ ಎಲ್ಲ ಕೈಗಳಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಪ್ರೇಕ್ಷಕರು ತಂತಮ್ಮ ಕೈಗಳನ್ನು ತೊಡೆಯ ಕೆಳಗಿಟ್ಟು ಕೂರತಕ್ಕದ್ದು. ಚಪ್ಪಾಳೆ ತಟ್ಟಬೇಕಾದಲ್ಲಿ ಒಂದು ಸಲಕ್ಕೆ ಒಂದೇ ಕೈಯನ್ನು ಹೊರತೆಗೆಯತಕ್ಕದ್ದು.

೨. ಮುಂದಿನ ಮೂರು ಸಾಲುಗಳನ್ನು, ನೂಲಿನ ಗೊಡವೆಯಿಲ್ಲದ ಹುನ್ನೂರಿನ ರೈತರಿಗೂ ಬಾಡಗಂಡಿಯ ಕಬ್ಬು ಬೆಳೆಗಾರರಿಗೂ ಮೀಸಲಿಡಲಾಗಿದೆ. ಕಬ್ಬಿನ ಬಗ್ಗೆ ನಾಟಕ ಬಂದಾಗ ಇವರು ಹಿಂದಿನ ಸಾಲಿಗೆ ಹೋಗತಕ್ಕದ್ದು.

೩. ನೂಲಿನ ತುದಿ ಕಂಡವರು ಕೂಡಲೇ ಕಣ್ಣು ಮುಚ್ಚತಕ್ಕದ್ದು. ತುದಿ ಎಲ್ಲಿದೆಯೆಂದು ಪಕ್ಕದವರಿಗೆ ತಿಳಿಸುವುದನ್ನು ಪ್ರಚೋದನೆ ಎಂದು ಪರಿಗಣಿಸಲಾಗುವುದು.

೪. ಸ್ಥಳ ಪರಿಶೀಲನೆಗೆ ಕಳುಹಿಸಲಾಗಿದ್ದ ಅಧೀಕ್ಷಕ ವೀರೇಶ ಅವರ ವರದಿಯಲ್ಲಿ “ತುದಿ ಕೈಗೆ ಬಂತು” ಎಂದಷ್ಟೇ ಇದೆ. ಅವರ ಕೈಗಳನ್ನು ಅಮಾನತಿನಲ್ಲಿಡಲಾಗಿದ್ದು, ಉಳಿದ ಭಾಗವು ಎಂದಿನಂತೆ ಕರ್ತವ್ಯಕ್ಕೆ ಹಾಜರಾಗುತ್ತಿದೆ.

೫. ಪ್ರತಿ ಸಲ ಮೊದಲು ಕೈ ಹಾಕುವವರು ಪೂನಮ್ ಅವರ ಅಜ್ಜಿ ಅನಸವ್ವ ಎಂದು ವಿಚಾರಣೆಯಿಂದ ತಿಳಿದುಬಂದಿದೆ. ಅವರ ಹೇಳಿಕೆ: “ಮೊಮ್ಮಗಳನ್ನ ನೋಡಾಕಂತನ ಬರತೀನ್ರಿ. ಆಕಿ ಬರೂದು ತಡಾ. ಐವತ್ತ ವರ್ಷ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿದ ಕೈ, ಖಾಲಿ ಕುಂತ್ರ ನನ್ನ ಮಾತ ಕೇಳೂದಿಲ್ಲ.”

೬. ಆದ್ದರಿಂದ ಇನ್ನು ಮುಂದೆ ನಾಲ್ಕನೇ ಅಂಕವನ್ನು ಮೊದಲು ಆಡಿ, ಒಂದನೇ ಅಂಕದೊಂದಿಗೆ ನಾಟಕ ಮುಗಿಸತಕ್ಕದ್ದು. ನಿನ್ನೆ ಇದೇ ರೀತಿ ಆಡಿಸಿ ನೋಡಲಾಗಿದೆ. ಮೊದಲು ತೀರ್ಪು, ಆಮೇಲೆ ಜಗಳ ನಡೆದದ್ದರಲ್ಲಿ ಪ್ರೇಕ್ಷಕರಲ್ಲಿ ಯಾರಿಗೂ ಹೊಸತೇನೂ ಕಾಣಲಿಲ್ಲ. ಪೂನಮ್ ತೀರ್ಪು ಓದಿದ ಅಷ್ಟೂ ಹೊತ್ತು ಅನಸವ್ವನವರ ಎರಡೂ ಕೈಗಳು ಮಡಿಲಲ್ಲಿಯೇ ಇದ್ದವು. ಆನಂತರ ನಡೆದದ್ದನ್ನು ದಾಖಲಿಸುವ ಅಗತ್ಯ ಕಂಡುಬಂದಿಲ್ಲ.

ಸಹಿ/- (ಓದಲು ಬರುತ್ತಿಲ್ಲ)
ಸಂಬಂಧಪಟ್ಟ ಅಧಿಕಾರಿ

ಪ್ರತಿಗಳು:

೧. ನಾಟಕಕಾರ ಮಹಾಲಿಂಗ ಅವರಿಗೆ, ಮಾಹಿತಿಗಾಗಿ. ಅಭಿಪ್ರಾಯ ಕೇಳಿರುವುದಿಲ್ಲ.

೨. ಅಧೀಕ್ಷಕ ವೀರೇಶ ಅವರಿಗೆ, ಎಡಗೈಗೆ ಒಂದು, ಬಲಗೈಗೆ ಒಂದು.

೩. ಕಚೇರಿ ಕಡತಕ್ಕೆ, ದಾರ ಕಟ್ಟದೆ.

೪. ಅನಸವ್ವ ಅವರಿಗೆ. ಇದನ್ನು ಪೂನಮ್ ಅವರೇ ಎದುರು ನಿಂತು, ಬಣ್ಣ ಹಚ್ಚಿಕೊಂಡು, ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಅಜ್ಜಿ ಸಾಕು ಎನ್ನುವವರೆಗೆ.