ಅತಿಥಿಗೆ ಬೆನ್ನು ತೋರದ ಸ್ಪೀಕರ್ ಡಬ್ಬಾಗೆ

ಮಾನ್ಯ ಎಡಗಡೆಯ ಸ್ಪೀಕರ್ ಅವರೇ,

ಕಳೆದ ಜೂನ್ ಎರಡರಂದು, ತೆಲಂಗಾಣ ರಾಜ್ಯ ರಚನೆಯ ದಿನದ ಸಂಜೆ, ಗದ್ವಾಲಿನ ನಮ್ಮ ಓಣಿಯ ಉತ್ಸವ ಸಮಿತಿ ಏರ್ಪಡಿಸಿದ್ದ ಕರೋಕೆ ಕಾರ್ಯಕ್ರಮದಲ್ಲಿ, ಶ್ರೀಮತಿ ಹಂಪಮ್ಮನವರು ಬಾಯಿ ತೆರೆದ ಕ್ಷಣದಿಂದ ಮುಚ್ಚುವ ಕ್ಷಣದವರೆಗೆ ತಾವು ಎಡೆಬಿಡದೆ ಸೀಟಿ ಹೊಡೆದು ಅವರ ಹಾಡನ್ನು ಇಡಿಯಾಗಿ ನುಂಗಿದಿರಿ. ತಮ್ಮ ಆರೋಗ್ಯವನ್ನೂ, ಬಲಗಡೆ ನಿಲ್ಲುವ ತಮ್ಮ ಸಹೋದರರ ಆರೋಗ್ಯವನ್ನೂ, ತಮ್ಮೊಳಗೆ ಸಂಸಾರ ಹೂಡಿರುವ ಜಿರಳೆಗಳ ಕ್ಷೇಮವನ್ನೂ ವಿಚಾರಿಸುತ್ತಾ, ಆ ಸಂಜೆಯ ಬಗ್ಗೆ ನಾಲ್ಕು ಮಾತು ಬರೆಯಲು ಅಪ್ಪಣೆ ಬೇಡುತ್ತೇನೆ.

ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ, ಮೆಹಬೂಬನಗರ ಜಿಲ್ಲೆಯಲ್ಲಿ ಬೆಳೆದು, ಈಗ ಜೋಗುಲಾಂಬ ಗದ್ವಾಲ್ ಜಿಲ್ಲೆಯಲ್ಲಿ ಮುದುಕನಾಗಿರುವ ನಾನು ಈ ಪ್ರವಾಸವನ್ನೆಲ್ಲ ಒಂದೇ ಮನೆಯ ಕಟ್ಟೆಯ ಮೇಲೆ ಕೂತು ಮಾಡಿದವನು. ಪಕ್ಕದ ಗಟ್ಟು ಊರಿನ ಮದುವೆಗಳಲ್ಲಿ ಸಾಯಣ್ಣ ಎಂಬಾತ ಬೇವಿನ ಮರಕ್ಕೆ ಭೋಂಗಾ ಕಟ್ಟುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅದರ ಬಾಯಿ ಬೀದಿಯ ಕಡೆ, ಬೆನ್ನು ಚಪ್ಪರದ ಕಡೆ. ಬೀಗರಿಗೆ, ಪಟೇಲರಿಗೆ, ಸ್ವತಃ ಮದುಮಗನಿಗೆ ಬೆನ್ನು ಮಾಡಿಕೊಂಡೇ ಅದು ದಿನವಿಡೀ ಹಾಡುತ್ತಿತ್ತು, ಒಮ್ಮೆಯೂ ಸೀಟಿ ಹೊಡೆದದ್ದಿಲ್ಲ. ಆ ತಗಡಿನ ತುತ್ತೂರಿಗೆ ತಮ್ಮ ಸಂಸ್ಕಾರ ಎಲ್ಲಿಂದ ಬರಬೇಕು?

ಅಂದು ಮೊದಲು ಎಂಟು ಜನ ತೆಲುಗಿನಲ್ಲಿ ಹಾಡಿದರು. ತಾವು ಆಗ ವೇದಿಕೆಯ ಅಂಚಿನಲ್ಲಿ, ಹಾಡುವವರಿಗಿಂತ ನಾಲ್ಕು ಹೆಜ್ಜೆ ಮುಂದೆ, ಜನರ ಕಡೆ ಮುಖ ಮಾಡಿ ನಿಂತು, ತಾಳ ತಪ್ಪಿದವರನ್ನೂ ಶ್ರುತಿ ಬಿಟ್ಟವರನ್ನೂ ಸಮಭಾವದಿಂದ ಊರಿಗೆ ಕೇಳಿಸಿದಿರಿ. ಅಷ್ಟರಲ್ಲಿ ಮಕ್ತಲ್‌ನಿಂದ ಮುಖ್ಯ ಅತಿಥಿಗಳು ಬಂದು ವೇದಿಕೆಯ ಸೋಫಾದಲ್ಲಿ ಆಸೀನರಾದರು. ಸಮಿತಿಯ ಕಾರ್ಯದರ್ಶಿ ನರಸಿಂಹುಲು ಅವರ ದೃಷ್ಟಿ ತಮ್ಮ ಬೆನ್ನಿನ ಮೇಲೆ ಬಿತ್ತು.

"ಏ ಬಾಲರಾಜ್, ಈ ಡಬ್ಬಾ ಸಾಬ್‌ಗೆ ಬೆನ್ನು ಮಾಡಿ ನಿಂತೈತಲ್ಲೋ. ತಿರುಗ್ಸು ಅದನ್ನ" ಎಂದರು.

ತಮ್ಮ ಮಾಲೀಕರಾದ ಬಾಲರಾಜ್ ತಲೆ ಕೆರೆದುಕೊಂಡರು. "ತಿರುಗ್ಸಿದ್ರ ಸೀಟಿ ಹೊಡೀತೈತಣ್ಣಾ. ಡಬ್ಬಾದ ದನಿ ಮೈಕಿನಾಗ ಹೋಗ್ತೈತಿ, ಮೈಕಿನ ದನಿ ಮತ್ತ ಡಬ್ಬಾಕ್ಕ ಬರ್ತೈತಿ, ಗಾಣದ ಎತ್ತು ಸುತ್ತಿದಂಗ."

"ಸೀಟಿ ಹೊಡದ್ರ ಬರೇ ಕಿವಿ ಹೋಗ್ತಾವ. ಬೆನ್ನು ಮಾಡಿದ್ರ ಮರ್ಯಾದಿ ಹೋಗ್ತೈತಿ. ಯಾವುದು ದೊಡ್ಡದು, ನೀನೇ ಹೇಳು."

ಬಾಲರಾಜ್ ಡಬ್ಬಾಗಳಿಗೆ ಕೈ ಹಾಕಿದರು. ತಾವು, ತಮ್ಮ ಸಹೋದರರು, ಇಬ್ಬರೂ ಅತಿಥಿಗಳ ಕಡೆ ತಿರುಗಿ ವಿನಯದಿಂದ ನಿಂತಿರಿ. ಮುಂದಿನ ಸರದಿ ಹಂಪಮ್ಮನದು.

ಹಂಪಮ್ಮ ನಮ್ಮ ಓಣಿಯಲ್ಲಿ ರವಿಕೆ ಹೊಲಿಯುವ ಹೆಂಗಸು. ಹೊಲಿಗೆ ಯಂತ್ರದ ಮುಂದೆ ಕೂತು ತನ್ನ ತಾಯಿಯಿಂದ ಕಲಿತ ಕನ್ನಡ ತತ್ವಪದ ಹಾಡಿಕೊಳ್ಳುವುದು ಬಿಟ್ಟರೆ ಹತ್ತು ಜನರೆದುರು ಬಾಯಿ ತೆರೆದವರಲ್ಲ. ಆ ಪದಕ್ಕೆ ಕರೋಕೆ ಟ್ರ್ಯಾಕ್ ಎಲ್ಲಿ ಸಿಗಬೇಕು? ಮಗಳು ಕಾವ್ಯ ಹಾರ್ಮೋನಿಯಂ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ತಾಯಿಯನ್ನು ತಿಂಗಳುಗಟ್ಟಲೆ ಒಪ್ಪಿಸಿ ಕರೆತಂದಿದ್ದಳು. ಹಂಪಮ್ಮನ ದನಿ ಮೆತ್ತಗೆ, ಆದ್ದರಿಂದ ಬಾಲರಾಜ್ ಮೈಕಿನ ವಾಲ್ಯೂಮ್ ಏರಿಸಬೇಕಾಯಿತು. ಮೇಲಾಗಿ ಆಕೆ ಮೈಕನ್ನು ಮಂಗಳಾರತಿಯಂತೆ ಕಣ್ಣಿಗೊತ್ತಿಕೊಂಡು, ಅದರ ಜಾಲರಿಯ ತಲೆಯನ್ನು ಎರಡೂ ಅಂಗೈಗಳಲ್ಲಿ ಮುಚ್ಚಿ, ಕೈಮುಗಿದ ಭಂಗಿಯಲ್ಲೇ ಹಾಡತೊಡಗಿದರು. ಹಾಗೆ ಮುಚ್ಚಿದರೆ ಮೈಕು ಸುತ್ತಲಿನ ಸದ್ದನ್ನೆಲ್ಲ ಒಳಗೆಳೆಯುತ್ತದೆ, ಹಿಡಿಯಬೇಕಾದದ್ದು ಕೆಳಗಿನ ಹಿಡಿಕೆಯನ್ನು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಮಾನ್ಯರೇ, ಆಮೇಲೆ ತಾವು ತೋರಿದ ಪ್ರತಿಭೆಯನ್ನು ಏನೆಂದು ಹೊಗಳಲಿ? ಊರ ಕೋಟೆಯ ಗೋಡೆಯ ಪಾರಿವಾಳಗಳೆಲ್ಲ ಹಾರಿದವು. ತಮ್ಮ ಮುಖದರ್ಶನದ ಸೌಭಾಗ್ಯ ಪಡೆದಿದ್ದ ಅತಿಥಿಗಳು ಎರಡೂ ಕಿವಿಗೆ ಬೆರಳಿಟ್ಟು ಕೂತರು, ಆದರೆ ಅವರ ಮರ್ಯಾದೆಗೆ ಕೂದಲಷ್ಟೂ ಕುಂದು ಬರಲಿಲ್ಲ. ವೇದಿಕೆಯಿಂದ ಇಳಿದ ಹಂಪಮ್ಮ ನನಗೆ ಹೇಳಿದ್ದಿಷ್ಟು: "ಹಾಡಾಕಂತ ಹೋದೆ ಅಣ್ಣಾರ, ಹಾವು ಹಿಡಕೊಂಡವರಂಗ ನಿಂತು ಬಂದೆ. ಅವ್ವನ ಪದ ಅವ್ವನ ಜತಿನೇ ಹೋತು ಅನಕೋರಿ." ಅಂದಿನಿಂದ ಅವರ ಮನೆಯಿಂದ ಯಂತ್ರದ ಸದ್ದು ಮಾತ್ರ ಕೇಳುತ್ತಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಕಾಗದ ಕೆಡಿಸುತ್ತಿರಲಿಲ್ಲ. ಕಳೆದ ವಾರ ಸಮಿತಿ ಸಭೆ ಸೇರಿ, "ಕನ್ನಡ ಹಾಡಿಗೆ ಮೈಕು ಒಗ್ಗುವುದಿಲ್ಲವಾದ್ದರಿಂದ ಆಗಸ್ಟ್ ಹದಿನೈದರ ಕಾರ್ಯಕ್ರಮದಿಂದ ಆ ಹಾಡನ್ನು ಕೈಬಿಡತಕ್ಕದ್ದು" ಎಂದು ಕರಡು ಠರಾವು ಬರೆದಿದೆ. ಬರುವ ಭಾನುವಾರ ಅದಕ್ಕೆ ಸಹಿ ಬೀಳುತ್ತದೆ. ನಕಾಶೆಯ ಮೇಲೆ ಎಷ್ಟು ಗೆರೆ ಎಳೆದರೂ ಈ ಓಣಿ ಬಿಟ್ಟು ಕದಲದ ಹಾಡನ್ನು ತಾವು ಒಂದೇ ಸೀಟಿಯಲ್ಲಿ ಗಡಿ ದಾಟಿಸಿದಿರಿ. ಸದ್ದಿನಲ್ಲೇ ಭಾಷೆಯನ್ನು ಪತ್ತೆಹಚ್ಚುವ ಈ ವಿದ್ಯೆ ವ್ಯರ್ಥವಾಗಬಾರದು. ತಮ್ಮನ್ನು ಎರಡು ರಾಜ್ಯಗಳ ನಡುವಿನ ಕೃಷ್ಣಾ ಸೇತುವೆಯ ಮೇಲೆ ನಿಲ್ಲಿಸಿ, ಹಾಯುವವರೆಲ್ಲ ಒಂದೊಂದು ಸಾಲು ಹಾಡಲಿ, ಯಾರು ಯಾವ ರಾಜ್ಯದವರೆಂದು ತಾವು ಸೀಟಿ ಹೊಡೆದು ಸರ್ಕಾರಕ್ಕೆ ತಿಳಿಸಿರಿ ಎಂದು ನನ್ನ ನಮ್ರ ಪ್ರಾರ್ಥನೆ.

ಅಲ್ಲಿಯವರೆಗೆ ಒಂದು ಸಣ್ಣ ಪರೀಕ್ಷೆಗೆ ದಯಮಾಡಿ ಒಪ್ಪಬೇಕು. ಭಾನುವಾರ ಸಂಜೆ ಐದಕ್ಕೆ, ಸಹಿಗೆ ಮೊದಲು, ಅದೇ ಜಾಗದಲ್ಲಿ ತಾವು ಮೊದಲಿನಂತೆ ಜನರ ಕಡೆ ಮುಖ ಮಾಡಿ ನಿಲ್ಲಿರಿ. ಹಂಪಮ್ಮ ಮೈಕಿನ ಹಿಡಿಕೆ ಹಿಡಿದು, ತುಟಿಗೆ ಹತ್ತಿರ ತಂದು ಕನ್ನಡದಲ್ಲಿ ಹಾಡಲಿ, ಹತ್ತಿರ ಹಿಡಿದರೆ ವಾಲ್ಯೂಮ್ ಅಷ್ಟು ಏರಿಸುವ ಅಗತ್ಯವೂ ಬೀಳದು. ಆಮೇಲೆ ತಮ್ಮನ್ನು ಸೋಫಾದ ಕಡೆ ತಿರುಗಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ನರಸಿಂಹುಲು ಅವರು ಎರಡೂ ಅಂಗೈಯಲ್ಲಿ ಮೈಕು ಮುಚ್ಚಿ ಆ ಠರಾವನ್ನು ತೆಲುಗಿನಲ್ಲಿ ಓದಲಿ. ಯಾವುದಕ್ಕೆ ಸೀಟಿ ಹೊಡೆಯುತ್ತೀರಿ ಎಂಬುದನ್ನು ಊರ ಜನರೆದುರು ತಾವೇ ಹೇಳಬೇಕು.

ಒಂದು ಕಿವಿ ಇನ್ನೂ ಗುಂಯ್‌ಗುಡುತ್ತಿರುವ,
ತಮ್ಮ ವಿಶ್ವಾಸಿ,
ಲಿಂಗಣ್ಣ

ವಿ.ಸೂ.: ಅತಿಥಿಗಳ ಸೋಫಾವನ್ನೇ ಕೆಳಗಿಳಿಸಿ ಜನರ ನಡುವೆ ಹಾಕಿದರೆ ತಾವು ಯಾರಿಗೂ ಬೆನ್ನು ಮಾಡಬೇಕಾಗಿಲ್ಲ ಎಂದು ಬಾಲರಾಜ್ ಅವರಿಗೆ ಈಗ ಹೊಳೆದಿದೆ. ದೊಡ್ಡವರು ಜನರ ನಡುವೆ ಕೂತರೆ ಏನೇನು ಹಾಳಾಗುತ್ತದೆ ಎಂಬ ಪ್ರಶ್ನೆಗೆ ಸಮಿತಿಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲವಾದ್ದರಿಂದ, ಅದಕ್ಕೂ ಬಹಿರಂಗ ಉತ್ತರವನ್ನು ತಾವೇ ದಯಪಾಲಿಸಬೇಕು.