ಟಾರ್ಪಾಲಿನ ಮೇಲೆ ಸ್ಪ್ಯಾನಿಷ್ ಪಾಠ

ಇಡೀ ಕೊಡಗಿನಲ್ಲಿ ಅತಿಥಿಗಳನ್ನು ಅವರವರ ಭಾಷೆಯಲ್ಲೇ ಸತ್ಕರಿಸುವ ಏಕೈಕ ಹೋಂಸ್ಟೇ ನನ್ನದಾಗಬೇಕೆಂದು ಶಪಥ ಮಾಡಿದೆ! ಪಕ್ಕದ ತೋಟದ ದೇರಪ್ಪ ಯಾರು ಬಂದರೂ ‘ವೆಲ್‌ಕಂ’ ಎಂದು ಹಲ್ಲು ಕಿರಿಯುತ್ತಾನೆ. ಪಾಪ, ಅವನ ಭಾಷಾಜ್ಞಾನ ಅಷ್ಟೇ. ನಾನೋ, ಕೊಲಂಬಿಯಾದಿಂದ ಮಾರ್ತಾ ಎಂಬಾಕೆ ಬರುತ್ತಾಳೆಂದು ತಿಳಿದ ದಿನವೇ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯಲು ಕೂತೆ. ಎರಡು ವಾರಕ್ಕೆ ಒಂದು ಪದ ಪೂರ್ತಿ ಕೈವಶವಾಯಿತು: ‘ಕಫೆ’. ಅದು ಕಾಫಿ ಗಿಡವೂ ಹೌದು, ಬೀಜವೂ ಹೌದು, ಲೋಟದ ಕಾಫಿಯೂ ಹೌದು, ಅದನ್ನು ಕುಡಿಯುವ ಅಂಗಡಿಯೂ ಹೌದು. ಕೆಲವು ದೇಶಗಳಲ್ಲಿ ಕಂದು ಬಣ್ಣವೂ ಹೌದು!

ಇಷ್ಟು ವಿದ್ವತ್ತಿಗೆ ಬೋರ್ಡ್ ಬೇಡವೇ? ಕಣದಲ್ಲಿ ಒಣಗುತ್ತಿದ್ದ ಕಾಫಿಯ ಪಕ್ಕ ಮಡಚಿಟ್ಟಿದ್ದ ಟಾರ್ಪಾಲನ್ನು ಎಳೆತಂದು, ಜಗಲಿಯ ಕಂಬಗಳಿಗೆ ಹದಿನಾಲ್ಕು ಗಂಟು ಹಾಕಿ ಬಿಗಿದೆ. ಸೀಮೆಸುಣ್ಣದಲ್ಲಿ ಐದೂ ಅರ್ಥ ಬರೆದೆ. ನಾನು ಯಾರೆಂದು ಹೇಳುವಷ್ಟೂ ವ್ಯವಧಾನವಿಲ್ಲದೆ, ಬಂದಿಳಿದ ಮಾರ್ತಾಳನ್ನು ಎದುರಿಗೆ ಕೂರಿಸಿ ಅವಳ ಭಾಷೆಯನ್ನು ಅವಳಿಗೇ ಕಲಿಸತೊಡಗಿದೆ!

“ರೀ, ಮೋಡ ಕಟ್ತಾ ಐತೆ. ಟಾರ್ಪಾಲ್ ಬಿಚ್ಚಿ ಕೊಡಿ!” ನನ್ನ ಹೆಂಡತಿ ವಿನುತಾ ಕಣದಿಂದ ಕೂಗಿದಳು.

“ಜನವರಿಲಿ ಎಂಥ ಮಳೆ ಮಾರಾಯ್ತಿ! ಇಂಟರ್‌ನ್ಯಾಷನಲ್ ವಿಷ್ಯ ಮಾತಾಡ್ತಾ ಇದೀನಿ.”

“ನಿಮ್ಮ ಇಂಟರ್‌ನ್ಯಾಷನಲ್‌ಗೆ ಬೆಂಕಿ ಹಾಕ! ವರ್ಷದ ಫಸಲು ಕಣದಲ್ಲೈತೆ!”

ಮೂರನೆಯ ಅರ್ಥಕ್ಕೆ ಬರುವಷ್ಟರಲ್ಲಿ ದಪ್ಪ ಹನಿ ಬಿತ್ತು. ನಾನೇ ಹಾಕಿದ ಗಂಟು ನನಗೇ ಬಿಚ್ಚಲಾಗಲಿಲ್ಲ. ಮಾರ್ತಾ ಎದ್ದವಳೇ ಅಡುಗೆಮನೆಯಿಂದ ಕತ್ತಿ ತಂದು ಹಗ್ಗ ಕತ್ತರಿಸಿ, ಟಾರ್ಪಾಲ್ ಎಳೆದುಕೊಂಡು ಕಣಕ್ಕೆ ಓಡಿದಳು. ಅವಳದೂ ಕಾಫಿ ಬೆಳೆಯುವ ಮನೆಯಂತೆ! ಅಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ನನ್ನ ಬೋರ್ಡನ್ನಲ್ಲ, ಆಕಾಶವನ್ನು. ಇಬ್ಬರೂ ಹೆಂಗಸರು ಸೇರಿ ಅರ್ಧ ಕಾಫಿ ಉಳಿಸಿದರು. ಇನ್ನರ್ಧ ತೊಯ್ದು ತೊಪ್ಪೆಯಾಯಿತು.

“ಬೂಷ್ಟು ಹಿಡಿದ್ರೆ ನಿಮ್ಮನ್ನೇ ಒಣಗಾಕ್ತೀನಿ!” ಎಂದು ವಿನುತಾ ಕಾಫಿ ಕೆದಕುವ ಹಲಗೆಯನ್ನು ನನ್ನ ಕೈಗೆ ತುರುಕಿದಳು. ಮೂರು ದಿನ ಬಿಸಿಲಲ್ಲಿ ಪಂಚೆ ಎತ್ತಿ ಕಟ್ಟಿ ಕಾಫಿ ತಿರುವಿದೆ. ಜಗಲಿಯಲ್ಲಿ ಮೊಬೈಲಿನ ಅನುವಾದ ಹಿಡಿದು ಅವರಿಬ್ಬರ ಹರಟೆ. ನನಗೆ ಒಂದು ಲೋಟ ಕಾಫಿಗೂ ಕರೆಯಿಲ್ಲ!

ಹೊರಡುವಾಗ ಮಾರ್ತಾ ಅತಿಥಿಗಳ ಪುಸ್ತಕದಲ್ಲಿ ಸ್ಪ್ಯಾನಿಷಿನಲ್ಲಿ ಪುಟ ತುಂಬ ಬರೆದಳು. “ನೋಡು, ಎಲ್ಲ ನನ್ನ ಪಾಂಡಿತ್ಯದ ಬಗ್ಗೆನೇ!” ಎಂದು ಬೀಗಿದೆ. ವಿನುತಾ ಮೊಬೈಲ್ ಹಿಡಿದು ಅದನ್ನು ಕನ್ನಡ ಮಾಡಿಸಿ, ಗಟ್ಟಿಯಾಗಿ ಓದಿದಳು:

“ತೋಟದ ಒಡತಿ ವಿನುತಾ ಬಂಗಾರದಂಥವರು. ಅವರ ಕಣದ ಆಳು ಮಹಾ ಬಾಯಿಬಡುಕ. ಆದರೂ ಕೆಲಸದಿಂದ ತೆಗೆಯಬೇಡಿ. ಮೂರು ದಿನದಲ್ಲಿ ಎಷ್ಟೋ ಸುಧಾರಿಸಿದ್ದಾನೆ.”